ಬಾಗಿಲಿನಿಂದ ಎಣಿಸಿದ ಒಂಬತ್ತು ಗಂಟೆ

ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿರಿಸಿ ಇತ್ತ ಕಿವಿಗೊಡಿ. ಇದು ಸಂತರ ಕಥೆಯಲ್ಲ; ಸರಕು ವಿಮಾನ ಹಾರಿಸುತ್ತಿದ್ದ ಒಬ್ಬ ಪೈಲಟ್ಟರ ಕಥೆ.

ಇಪ್ಪತ್ತೊಂಬತ್ತು ವರ್ಷ ಅವರು ಹೊತ್ತದ್ದು ಮನುಷ್ಯರನ್ನಲ್ಲ. ಔಷಧಿಯ ಪೆಟ್ಟಿಗೆ, ಯಂತ್ರದ ಬಿಡಿಭಾಗ, ಒಮ್ಮೆ ವಿಮಾನದ ತುಂಬ ಒಂದು ದಿನದ ಕೋಳಿಮರಿ. "ನನ್ನ ಪ್ರಯಾಣಿಕರು ಕಾಫಿ ಕೇಳಲ್ಲ, ತಡವಾಯ್ತು ಅಂತ ಬೈಯೋದೂ ಇಲ್ಲ" ಎಂದು ನಗುತ್ತಿದ್ದರು. ಜೊತೆಗಾರರು ಅವರಿಗಿಟ್ಟ ಅಡ್ಡಹೆಸರು ಬಾಗಿಲಯ್ಯ. ಆ ಹೆಸರಿನ ಹಿಂದೊಂದು ಪಶ್ಚಾತ್ತಾಪವಿತ್ತು.

ಹನ್ನೊಂದು ವರ್ಷದ ಹಿಂದೆ, ವಿಮಾನ ಇಳಿಯಲು ಇನ್ನು ಕಾಲು ಗಂಟೆಯಿದೆ ಎನ್ನುವಾಗ, ಅವರೂ ಪಕ್ಕದ ಸಹಪೈಲಟ್ಟೂ ಕೂತಲ್ಲೇ ನಿದ್ದೆಹೋದರು. ನೆಲದಿಂದ ಬಂದ ನಾಲ್ಕನೆಯ ಕರೆ ಅವರನ್ನು ಎಬ್ಬಿಸಿತು. ಕರೆದವರು ರೇಡಿಯೋ ಕೆಟ್ಟಿರಬೇಕೆಂದುಕೊಂಡರು. ವಿಮಾನ ಕ್ಷೇಮವಾಗಿ ಇಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಗಿಲಯ್ಯ ದೇವರಿಗೆ ಅಂಜುವ ಮನುಷ್ಯ. ಪೈಲಟ್ಟರ ಸಂಘದ ಸಭೆಯಲ್ಲಿ ಎದ್ದು ನಿಂತು, "ನಾನು ಮಲಗಿಬಿಟ್ಟೆ. ದೇವರು ಎಬ್ಬಿಸಿದ" ಎಂದರು. ಸಹಪೈಲಟ್ಟನ ಹೆಸರನ್ನು ಮಾತ್ರ ಎತ್ತಲಿಲ್ಲ.

ಆ ಒಂದು ಮಾತಿನಿಂದ ಕಂಪನಿಯೊಂದಿಗಿನ ಸಂಘದ ಕರಾರಿಗೆ ಹೊಸದೊಂದು ನಿಯಮ ಸೇರಿತು. ಎರಡು ಹಾರಾಟಗಳ ನಡುವೆ ಒಂಬತ್ತು ಗಂಟೆ ವಿಶ್ರಾಂತಿ. ಅದನ್ನು ಎಣಿಸಬೇಕಾದದ್ದು ವಿಮಾನ ನಿಂತ ಹೊತ್ತಿನಿಂದಲ್ಲ, ಪೈಲಟ್ ಹೋಟೆಲಿನ ಕೋಣೆ ಸೇರಿ ಒಳಗಿನಿಂದ ಬಾಗಿಲು ಹಾಕಿಕೊಂಡ ಹೊತ್ತಿನಿಂದ. ಅಂದಿನಿಂದ ಪ್ರತಿಯೊಬ್ಬ ಪೈಲಟ್ಟೂ ಚಿಲಕ ಹಾಕಿದೊಡನೆ ಕಂಪನಿಗೆ ಫೋನ್ ಮಾಡಿ, "ಬಾಗಿಲು ಹಾಕಿದೆ" ಎನ್ನುವುದು ರೂಢಿಯಾಯಿತು.

ಆ ಸಹಪೈಲಟ್ಟನನ್ನು ಬಾಗಿಲಯ್ಯ ತಮ್ಮನಂತೆ ನೋಡಿಕೊಂಡರು, ಕೆಲಸ ಕಲಿಸಿದರು, ಕಡೆಗೆ ತಮ್ಮ ತಂಗಿಯನ್ನೇ ಕೊಟ್ಟು ಮದುವೆ ಮಾಡಿದರು. ಮುಂದೆ ಆತ ಸಂಘದ ಕಾರ್ಯದರ್ಶಿಯಾದ.

ಈ ನಡುವೆ ಸರ್ಕಾರ ಹೊಸ ಕಾನೂನು ತಂದಿತು: ಹತ್ತು ಗಂಟೆ ವಿಶ್ರಾಂತಿ, ಎಂಜಿನ್ ನಿಂತ ಗಳಿಗೆಯಿಂದ ಲೆಕ್ಕ. ಪೈಲಟ್ಟರ ಕೋಣೆಯಲ್ಲಿ ಮಧ್ಯಾಹ್ನವಿಡೀ ವಾದ ನಡೆಯಿತು.

"ಬಾಗಿಲಯ್ಯನೋರೇ, ಹತ್ತು ದೊಡ್ಡದೋ ಒಂಬತ್ತು ದೊಡ್ಡದೋ? ನಮ್ಮ ಮನೆ ಎರಡನೇ ಕ್ಲಾಸಿನವಳು ಹೇಳ್ತಾಳೆ" ಎಂದು ಸ್ಥೂಲದೇಹದ ಕ್ಯಾಪ್ಟನ್ ಕೆಣಕಿದ. "ಕಾನೂನು ಅಂದ್ರೆ ಸರ್ಕಾರದ್ದು. ಕರಾರು ಇವತ್ತಿರುತ್ತೆ, ನಾಳೆ ಹೋಗುತ್ತೆ."

"ಹತ್ತು ಮೊಳ ಅಂತೀರಿ. ಅಳೆಯೋ ಕೈ ಯಾರದು ಅಂತ ಕೇಳಿದ್ರಾ?" ಎಂದರು ಬಾಗಿಲಯ್ಯ. "ಎಂಜಿನ್ ನಿಂತ ಮೇಲೆ ಕಾಗದಪತ್ರ, ತಪಾಸಣೆ, ವ್ಯಾನಿಗೆ ಕಾಯೋದು, ಕೋಣೆಗೆ ಕಾಯೋದು. ಅದನ್ನೆಲ್ಲ ನೀವು ಗೊರಕೆ ಹೊಡೀತಾ ಮಾಡ್ತೀರಾ?"

ಕೋಣೆ ನಕ್ಕಿತು. ಕಡೆಗೆ ಎಲ್ಲರೂ ಕೈಯೆತ್ತಿದರು: ಕಾನೂನು ಬರಲಿ, ಬಾಗಿಲಿನ ನಿಯಮವನ್ನು ಮಾತ್ರ ಬಿಡಕೂಡದು. ಕಂಪನಿಯೊಂದಿಗೆ ಕೂತು ಸಹಿ ಹಾಕುವ ಹೊಣೆ ಕಾರ್ಯದರ್ಶಿಯದಾಯಿತು. ಹೊರಡುವಾಗ ಆತ ಬಾಗಿಲಯ್ಯನವರ ಕೈ ಹಿಡಿದು, "ಭಾವ, ನೀವು ನಿಶ್ಚಿಂತೆಯಿಂದಿರಿ. ನಾನಿದ್ದೀನಲ್ಲ" ಎಂದ.

ಹೊಸ ಕರಾರಿನ ಪುಸ್ತಿಕೆ ಅಚ್ಚಾಗಿ ಬಂದ ದಿನ ಬಾಗಿಲಯ್ಯ ಹನ್ನೆರಡನೆಯ ಪುಟ ತೆರೆದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ವಿಶ್ರಾಂತಿಯು ಕಾನೂನಿನಂತೆ" ಎಂಬ ಒಂದೇ ಸಾಲಿತ್ತು. ಕೆಳಗಿದ್ದ ಸಹಿ ಅವರಿಗೆ ಪರಿಚಿತವಾದದ್ದು. ತಂಗಿಯ ಮದುವೆಯ ಕಾಗದದ ಮೇಲೂ ಅದೇ ಇತ್ತು. ಹಾಳೆ ತಿರುಗಿಸಿದಾಗ ಇನ್ನೊಂದು ಸಾಲು ಕಂಡಿತು: ಸಂಘದ ಪದಾಧಿಕಾರಿಗಳಿಗೆ ಇನ್ನು ಮುಂದೆ ಹಗಲಿನ ಹಾರಾಟ ಮಾತ್ರ, ಪ್ರತಿ ಸಂಜೆ ಮನೆಗೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವರು ಪುಸ್ತಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಹದಿನೈದು ದಿನ ಕಳೆಯುವಷ್ಟರಲ್ಲಿ ಪರೀಕ್ಷೆಯೂ ಬಂತು. ಪರವೂರಿನಲ್ಲಿ ಬೆಳಿಗ್ಗೆ ಏಳಕ್ಕೆ ಎಂಜಿನ್ ನಿಂತಿತು. ಕಾಗದಪತ್ರ ಮುಗಿಯಲು ಎಂಟೂವರೆ, ವ್ಯಾನ್ ಬರಲು ಒಂಬತ್ತೂಕಾಲು. ಹೋಟೆಲಿನಲ್ಲಿ ಕೋಣೆಯಿನ್ನೂ ಗುಡಿಸಿರಲಿಲ್ಲ. ಹನ್ನೊಂದರವರೆಗೆ ಸೋಫಾದ ಮೇಲೆ, ಮಡಿಲಲ್ಲಿ ಟೋಪಿಯಿಟ್ಟುಕೊಂಡು ಕಾದರು. ಸಂಜೆ ಐದಕ್ಕೆ ಮತ್ತೆ ಹಾರಬೇಕಾದ್ದರಿಂದ ಎರಡೂಮುಕ್ಕಾಲಿಗೇ ಎಬ್ಬಿಸುವ ಫೋನ್ ಬಂತು. ಕನ್ನಡಿಯ ಮುಂದೆ ನಿಂತು ಅಂಗಿಯ ಗುಂಡಿ ಹಾಕತೊಡಗಿದರು. ಮೂರು ಸಲವೂ ತಪ್ಪಿ ಹಾಕಿದರು. ಕೂಡಲೇ ಕಂಪನಿಗೆ ಫೋನ್ ಮಾಡಿ, "ನನಗೆ ನಿದ್ದೆಯಾಗಿಲ್ಲ. ಹಾರಿಸೋದು ಸರಿಯಲ್ಲ" ಎಂದರು.

ಅಂದು ಸಂಜೆ ವಿಮಾನ ಹೊರಡಲಿಲ್ಲ. ಲಿಖಿತ ವಿವರಣೆ ಕೊಡಬೇಕೆಂಬ ನೋಟೀಸೂ ಬಂತು.

ಮರುದಿನ ಮಧ್ಯಾಹ್ನ ಭಾವಮೈದುನ ಮನೆಗೆ ಬಂದು ಊಟದ ಮೇಜಿನ ಆಚೆಬದಿಗೆ ಕೂತ.

"ಭಾವ, ಹೊಟ್ಟೆ ಕೆಟ್ಟಿತ್ತು ಅಂತ ಬರೆದುಕೊಡಿ. ಡಾಕ್ಟರ್ ಚೀಟಿ ನಾನು ತರ್ತೀನಿ. ಅಲ್ಲಿಗೆ ಮುಗೀತು."

"ನನ್ನ ಹೊಟ್ಟೆ ಚೆನ್ನಾಗಿದೆ. ಉರೀತಾ ಇದೆ, ಅಷ್ಟೇ."

ಆತ ತಲೆ ತಗ್ಗಿಸಿದ. "ನನ್ನ ಕಷ್ಟ ನಿಮಗೆ ಗೊತ್ತಿಲ್ಲ. ನಾನು ಮನೆಗೆ ಬಂದ್ರೆ ಮಗಳು 'ಅಮ್ಮಾ, ನೆಂಟರು ಬಂದ್ರು' ಅಂತಿದ್ಳು."

"ಉಳಿದವರ ಮಕ್ಕಳು ಏನಂತಾರೆ ಅಂತ ಕೇಳಿದೆಯಾ? ಆವತ್ತು ನನ್ನ ಪಕ್ಕ ನಿದ್ದೆಹೋದವನು ನೀನೇ ಅಲ್ವಾ? ಗೊತ್ತಿಲ್ಲದವರು ಆ ನಿಯಮ ಮಾರಿದ್ರೆ ಅಜ್ಞಾನ ಅಂತಿದ್ದೆ. ನೀನು ಗೊತ್ತಿದ್ದೂ ಮಾರಿದೆ."

"ನಿದ್ದೆಯಾಗಿಲ್ಲ ಅಂತ ಬರೆದ್ರೆ ನಿಮ್ಮನ್ನ ಹಾರಾಟದಿಂದ ಇಳಿಸ್ತಾರೆ, ಭಾವ. ಕಾನೂನಿನ ಪ್ರಕಾರ ನಿಮಗೆ ಹತ್ತು ಗಂಟೆ ಸಿಕ್ಕಿದೆ."

"ಸಿಕ್ಕಿದೆ. ನಿದ್ದೆ ಸಿಗಲಿಲ್ಲ. ಅದನ್ನೇ ಬರೀತೀನಿ."

ಬಂಧುಗಳೇ, ನಿದ್ದೆ ಬೇಡದವನು ದೇವರೊಬ್ಬನೇ. ಉಳಿದ ಜೀವಗಳಿಗೆಲ್ಲ ಅವನು ನಿದ್ದೆಯನ್ನು ಕರುಣೆಯಿಂದ ಅಳೆದುಕೊಟ್ಟಿದ್ದಾನೆ. ಒಬ್ಬರ ಪಾಲನ್ನು ಕದ್ದು ಇನ್ನೊಬ್ಬರು ಮಲಗುವುದು ಅವನ ಮನೆಯಲ್ಲಿ ಸಲ್ಲದು. ಬಾಗಿಲಯ್ಯ ಆತನ ಎದುರಿನಲ್ಲೇ ಗಂಟೆಗಂಟೆಯ ವಿವರ ಬರೆದು ಸಹಿ ಹಾಕಿದರು. ಅದರ ಪ್ರತಿಗಳನ್ನು ಪೈಲಟ್ಟರ ಕೋಣೆಯಲ್ಲಿ ಪ್ರತಿಯೊಬ್ಬರ ಕೈಗೂ ಕೊಟ್ಟರು. ಕೆಣಕುತ್ತಿದ್ದ ಕ್ಯಾಪ್ಟನ್ ಓದಿ ಮುಗಿಸಿ, ತನ್ನ ಕಳೆದ ವಾರದ ಗಂಟೆಗಳನ್ನು ಅದರ ಕೆಳಗೇ ಬರೆಯತೊಡಗಿದ.

ಕಂಪನಿ ಬಾಗಿಲಯ್ಯನವರನ್ನು ಹಾರಾಟದಿಂದ ಇಳಿಸಿತು. ವಿಚಾರಣೆ ಇನ್ನೂ ಮುಗಿದಿಲ್ಲ. ತಂಗಿ ಫೋನ್ ಮಾಡುವುದನ್ನು ಬಿಟ್ಟಿದ್ದಾಳೆ. ಪ್ರಾರ್ಥನೆಯಲ್ಲಿ ಅವರು ಭಾವಮೈದುನನನ್ನು ನೆನೆಯುವುದುಂಟು. ಕ್ಷಮಿಸಿದ್ದೀರಾ ಎಂದು ಕೇಳಿದರೆ, "ಪ್ರಯತ್ನ ಮಾಡ್ತಿದ್ದೀನಿ, ಮನಸ್ಸು ಇನ್ನೂ ಬಂದಿಲ್ಲ" ಎನ್ನುತ್ತಾರೆ.

ಓದಿದ ನೀವೂ ಒಂದು ಉಪಕಾರ ಮಾಡಿ. ಹೊಟ್ಟೆನೋವೆಂದು ಬರೆದರೆ ಎಲ್ಲರಿಗೂ ಸಲೀಸು ಎಂದು ಯಾರಾದರೂ ನಿಮ್ಮ ಮುಂದೆ ಕಾಗದ ಸರಿಸಿದಾಗ, ದಣಿವನ್ನು ದಣಿವೆಂದೇ ಬರೆಯಿರಿ. ಬರೆದುದನ್ನು ಪಕ್ಕದವರಿಗೂ ತೋರಿಸಿ.