ಮೂರು ನಿಮಿಷಕ್ಕೆ ಒಂದು ಟೆಂಪೊ ಟೊಮೇಟೊ

ಒಂದು ಟೆಂಪೊ ತುಂಬ ಟೊಮೇಟೊ, ಕ್ಯಾಮೆರಾ ಬಾಡಿಗೆ, ಜೊತೆಗೆ ನನ್ನ ಕಾದಂಬರಿಗೆ ಬರಬೇಕಿದ್ದ ದುಡ್ಡಿನಲ್ಲಿ ಅರ್ಧ. ನಿರ್ದೇಶಕಿ ಅನ್ನಿಸಿಕೊಳ್ಳೋಕೆ ನಾನು ತೆತ್ತ ಬೆಲೆ ಇಷ್ಟು. ಜಾಸ್ತಿಯಾಯ್ತು ಅಂತ ನಮ್ಮ ಮನೆಯವರು ಈಗಲೂ ಅನ್ನುತ್ತಾರೆ. ಜಾಸ್ತಿಯೇ. ಆದರೆ ಕಥೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಪರದೆಯ ಮೇಲೆ ಅದರ ಗುರುತೇ ಸಿಗದೆ ಕೂರುವುದಕ್ಕಿಂತ ಇದು ಅಗ್ಗ ಅಂತ ಲೆಕ್ಕ ಹಾಕಿದ್ದೆ.

ಬರೆಯೋಕೆ ಮುಂಚೆ ನನ್ನ ಕಸುಬು ತೂಕದ ಯಂತ್ರಗಳ ರಿಪೇರಿ. ಚಿಂತಾಮಣಿಯಲ್ಲಿ ಅಂಗಡಿ. ಸ್ಕೂಟರಿನಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿಗಳ ಹತ್ತಿರ, ಗೌರಿಬಿದನೂರಿನ ಜೋಳದ ಮಂಡಿಗಳಿಗೆ, ಚಿಕ್ಕಬಳ್ಳಾಪುರದ ಹೂವಿನವರ ಹತ್ತಿರ ಓಡಾಟ. ಎಲೆಕ್ಟ್ರಾನಿಕ್ ತಕ್ಕಡಿ ಬಿಚ್ಚಿಕೊಂಡು ಕೂತಾಗೆಲ್ಲ ಒಂದೇ ಯೋಚನೆ: ಇದರೊಳಗೆ ಸುಳ್ಳು ಹೇಳುವ ಒಂದು ಚಿಪ್ ಕೂರಿಸಿದರೆ ಇಡೀ ಜಿಲ್ಲೆಯನ್ನೇ ದೋಚಬಹುದಲ್ಲ. ದೋಚಲಿಲ್ಲ, ಬರೆದೆ.

ಹಸ್ತಪ್ರತಿ ನೋಡಿದ ಪ್ರಕಾಶಕರೊಬ್ಬರು, ಹೆಂಗಸರ ಕೈಯಲ್ಲಿ ಸಂಸಾರದ ಕಥೆ ಓಡುತ್ತೆ, ಚಿಪ್ಪು ಗಿಪ್ಪು ಯಾರು ಓದ್ತಾರೆ ಅಂದರು. ಸರಿ ಅಂತ ನಾನೇ ಅಚ್ಚು ಹಾಕಿಸಿದೆ. ತಕ್ಕಡಿ ಸರ್ವಿಸ್ ಮಾಡಿಸಿದ ಅಂಗಡಿಯವರು ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ನನ್ನ ಪುಸ್ತಕ ಇಡಬೇಕು, ಮಾರಿದರೆ ಅವರಿಗೂ ಪಾಲು. ಮಾಲು ತಂದು ಸರದಿ ಕಾಯುವವರಿಗೆ ಬೇರೆ ಕೆಲಸ ಏನಿರುತ್ತೆ? ಓದಿದರು. ಪಕ್ಕದ ಅಂಗಡಿಯ ತಕ್ಕಡಿ ಮೇಲೆ ಅನುಮಾನ ಪಟ್ಟು ಜಗಳ ಆಡಿದರು. ಜಗಳ ಆದಷ್ಟೂ ಪುಸ್ತಕ ಖರ್ಚಾಯಿತು. ಮತ್ತೆ ಮತ್ತೆ ಅಚ್ಚಾಗೋದನ್ನು ನೋಡಿ ಅದೇ ಪ್ರಕಾಶಕರು ಫೋನ್ ಮಾಡಿದರು. ಎರಡನೆಯದನ್ನು ಅವರಿಗೇ ಕೊಟ್ಟೆ, ನನ್ನ ರೇಟಿಗೆ.

ಮೂರನೆಯ ಕಾದಂಬರಿ ಟೊಮೇಟೊ ಬೆಲೆ ತೋರಿಸುವ ಮೊಬೈಲ್ ಆಪ್ ಬಗ್ಗೆ. ಯಾರೋ ಒಳಗೆ ನುಗ್ಗಿ ಬೆಲೆ ಏರಿಸಿ ತೋರಿಸ್ತಾರೆ, ಎಲ್ಲರೂ ಒಂದೇ ದಿನ ಮಾಲು ತಂದು ಸುರೀತಾರೆ, ಬೆಲೆ ಬಿದ್ದುಹೋಗುತ್ತೆ. ಇದನ್ನು ಸಿನಿಮಾ ಮಾಡಬೇಕು ಅಂತ ಒಬ್ಬ ನಿರ್ಮಾಪಕರು ಬಂದರು. ಚಿಕ್ಕಬಳ್ಳಾಪುರದ ಹೈವೇ ಹೋಟೆಲಿನಲ್ಲಿ ಕೂತೆವು. ಸುತ್ತ ಸ್ಕಂದಗಿರಿ ಹತ್ತಿ ಇಳಿದ ಹುಡುಗರು ಇಡ್ಲಿ ಮೇಲೆ ಬಿದ್ದಿದ್ದರು. ನಿರ್ಮಾಪಕರು ಹೇಳಿದ ಮೊತ್ತ ಚೆನ್ನಾಗಿಯೇ ಇತ್ತು. ಆದರೆ ನಿರ್ದೇಶಕರು ಬೇರೆ, ಕಥೆ ನಡೆಯೋದು ಮುಂಬಯಿ ಷೇರುಪೇಟೆಯಲ್ಲಿ, ಟೊಮೇಟೊ ಇರಲ್ಲ.

ನಾನೇ ನಿರ್ದೇಶನ ಮಾಡ್ತೀನಿ ಅಂದೆ. ಅವರು ನಗಲಿಲ್ಲ, ಅದೇ ನನಗೆ ಹಿಡಿಸಿದ್ದು.

"ಮೇಡಂ, ತಕ್ಕಡಿ ರಿಪೇರಿ ಮಾಡಿದಂಗಲ್ಲ ಇದು. ನಿಮ್ಮನ್ನ ನಂಬಿ ಹೆಂಗೆ ದುಡ್ಡು ಹಾಕಲಿ?"

"ನಂಬಬೇಡಿ ಸಾರ್. ಮೂರು ನಿಮಿಷದ ಒಂದು ಸೀನು ನನ್ನ ಖರ್ಚಲ್ಲಿ ತೆಗೆದು ತೋರಿಸ್ತೀನಿ. ಹಿಡಿಸಿದ್ರೆ ಡೈರೆಕ್ಟರ್ ನಾನು. ಇಲ್ಲಾಂದ್ರೆ ಅರ್ಧ ರೇಟಿಗೆ ಕಥೆ ತಗೊಂಡು ಮುಂಬಯಿಗೆ ಹೋಗಿ."

ಕೈ ಕುಲುಕಿದರು. ಮುಂದಿನ ವಾರ ಬರುತ್ತೇನೆ ಅಂದರು.

ನಾನು ಆರಿಸಿಕೊಂಡಿದ್ದು ಹರಾಜಿನ ದೃಶ್ಯ. ಆಪ್‌ನಲ್ಲಿ ಒಂದು ಬೆಲೆ, ಕೂಗಿನಲ್ಲಿ ಇನ್ನೊಂದು. ನಾಯಕಿ ನಡುವೆ ನಿಂತು ಮೋಸ ಹಿಡಿಯುತ್ತಾಳೆ. ಚಿಂತಾಮಣಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಒಬ್ಬ ಹಿರಿಯರು ನನ್ನ ಹಳೆ ಗಿರಾಕಿ, ಒಪ್ಪಿದರು. ಕೂಲಿ ಕೊಟ್ಟು ಜನ ಸೇರಿಸಿದೆ, ಖಾಲಿ ಕ್ರೇಟುಗಳ ಮೇಲೆ ಒಂದು ಪದರ ಟೊಮೇಟೊ ಹರವಿದೆ.

ಹಾಳಾಯಿತು. ಜನ ಎಲ್ಲ ತಲೆ ಬಾಚಿಕೊಂಡು ಬಂದು ಕ್ಯಾಮೆರಾನೇ ನೋಡುತ್ತಿದ್ದರು. ದಿನಾ ಗಂಟಲು ಹರಿಯೋ ಹಾಗೆ ಕೂಗುವ ಹಿರಿಯರು ನಾಟಕದ ದುರ್ಯೋಧನನ ಹಾಗೆ ಮೀಸೆ ತಿರುವಿದರು. ಎರಡನೇ ದಿನವೂ ಅದೇ. ನಿರ್ಮಾಪಕರು ಬರೋದಕ್ಕೆ ಇನ್ನೊಂದು ದಿನ ಬಾಕಿ. ಹೀಗೇ ತೋರಿಸಿದರೆ ಕಥೆಯೂ ಹೋಯಿತು, ಕುರ್ಚಿಯೂ ಹೋಯಿತು.

ಮೂರನೇ ದಿನ ಬೆಳಿಗ್ಗೆ ಸಾದಲಿ ಕಡೆಯಿಂದ ಒಂದು ಟೆಂಪೊ ಮಾಲು ಬಂತು. ರೈತರ ಹತ್ತಿರ ಚೌಕಾಸಿ ಮಾಡಿ ಪೂರ್ತಿ ನಾನೇ ಕೊಂಡೆ. ಹಿರಿಯರ ಹತ್ತಿರ ಹೋಗಿ, ಇವತ್ತು ನಾಟಕ ಬೇಡ, ಇದನ್ನು ನಿಜವಾಗಿಯೇ ಹರಾಜು ಹಾಕಿ ಅಂದೆ.

"ಎಷ್ಟಕ್ಕೆ ಹೋದ್ರೂ ಕೊಟ್ಬಿಡ್ತೀಯೇನಮ್ಮಾ?"

"ಕೊಡ್ತೀನಿ. ನೀವು ಕೂಗಿ."

ಸಿನಿಮಾ ಜನ ನಿಜಕ್ಕೂ ಮಾಲು ಮಾರ್ತಾರಂತೆ ಅಂತ ಸುದ್ದಿ ಹಬ್ಬಿ ವ್ಯಾಪಾರಿಗಳು ಮುತ್ತಿಕೊಂಡರು. ನೂಟ ಯಾಭೈ, ನೂಟ ಅರವೈ ಅಂತ ತೆಲುಗಿನಲ್ಲಿ ಕೂಗು ಶುರುವಾಯಿತು, ಕ್ರೇಟಿಗೆ ನೂರೈವತ್ತು, ನೂರ ಅರವತ್ತು. ಒಬ್ಬನಾದರೂ ಕ್ಯಾಮೆರಾ ಕಡೆ ತಿರುಗಲಿಲ್ಲ. ಹಣ್ಣು ಒತ್ತಿ ನೋಡೋದು, ಪಕ್ಕದವನ ಮುಖ ನೋಡೋದು, ಗೊತ್ತಿಲ್ಲದವನ ಹಾಗೆ ಆಕಳಿಸೋದು, ಎಲ್ಲ ತಾನಾಗಿಯೇ ಬಂತು. ನಾಯಕಿ ಪಾರ್ಟಿನ ಹುಡುಗಿ ಮೊಬೈಲ್ ಹಿಡಿದು ನಡುವೆ ನುಗ್ಗಿ, ಬೆಲೆ ಸುಳ್ಳು ಅಂತ ತನ್ನ ಮಾತು ಹೇಳಿದಳು. ಒಬ್ಬ ವ್ಯಾಪಾರಿಗೆ ನಿಜವಾಗಿಯೂ ಸಿಟ್ಟು ಬಂತು.

"ಫೋನ್ ಆಮೇಲೆ ನೋಡ್ಕೊ ತಾಯಿ, ಆ ಕಡೆ ಜರುಗು. ಬಾಯಿಗೆ ಬಂದ ಬೆಲೆ ತಪ್ಪೋಗ್ತದೆ."

ನಾನು ಎಷ್ಟು ಕೂತರೂ ಅಂಥ ಮಾತು ಬರೆಯುತ್ತಿರಲಿಲ್ಲ. ಸಿನಿಮಾದಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ, ಆ ವ್ಯಾಪಾರಿಯಿಂದ ಒಪ್ಪಿಗೆ ಬರೆಸಿಕೊಂಡು, ದುಡ್ಡು ಕೊಟ್ಟು. ಒಳ್ಳೆ ಮಾಲಾದರೆ ಸಿನಿಮಾದವರು ಯಾಕೆ ಮಾರ್ತಾರೆ ಅಂತ ಅನುಮಾನ ಪಟ್ಟು ಕೊನೆಗೆ ನನ್ನ ಟೊಮೇಟೊವನ್ನು ಕೊಂಡ ಬೆಲೆಗಿಂತ ಕಮ್ಮಿಗೇ ಮುಗಿಸಿದರು. ಕೊಟ್ಟೆ.

ಮಾರನೆಯ ದಿನ ಅದೇ ಹೋಟೆಲಿನಲ್ಲಿ ನಿರ್ಮಾಪಕರು ಲ್ಯಾಪ್‌ಟಾಪಿನಲ್ಲಿ ಒಂದು ಸಲ ನೋಡಿದರು. ಇನ್ನೊಂದು ಸಲ ಹಾಕಿ ಅಂದರು. ಆಮೇಲೆ, ಈ ಜೂನಿಯರ್ ಕಲಾವಿದರು ಯಾವ ಕಡೆಯವರು ಅಂತ ಕೇಳಿದರು. ನಾನು ಕಾಫಿ ಲೋಟ ಎತ್ತಿಕೊಂಡೆ.

"ಆಯ್ತು, ನೀವೇ ಮಾಡಿ. ಆದ್ರೆ ಹೊಸ ಡೈರೆಕ್ಟರ್ ಅಂದ್ರೆ ನನಗೆ ರಿಸ್ಕು. ಕಥೆ ದುಡ್ಡಲ್ಲಿ ಅರ್ಧ ಬಿಡಬೇಕು, ಎಲ್ಲ ಭಾಷೆ ಹಕ್ಕೂ ನನಗೆ."

ಅರ್ಧ ಬಿಟ್ಟೆ. ಭಾಷೆ ಬಿಡಲಿಲ್ಲ. ಕನ್ನಡ ಒಂದೇ ನಿಮ್ಮದು ಅಂದೆ, ಅವರು ಏಳೋಕೆ ಹೊರಟಾಗ ತೆಲುಗನ್ನೂ ಸೇರಿಸಿದೆ, ಅಲ್ಲಿಗೆ ನಿಂತೆ. ಮುಂಬಯಿಗೆ ಹೋಗಬೇಕಿದ್ದ ಕಥೆ ಚಿಂತಾಮಣಿಯಲ್ಲೇ ಚಿತ್ರೀಕರಣವಾಯಿತು. ಉಳಿಸಿಕೊಂಡ ಹಿಂದಿ ಹಕ್ಕನ್ನು ಮಾರಿದ ದುಡ್ಡಿನಿಂದ ಎರಡನೇ ಸಿನಿಮಾ ಶುರು ಮಾಡಿದೆ.

ನಿಮ್ಮ ಕಥೆ ಕೇಳಿಕೊಂಡು ಯಾರಾದರೂ ಬಂದರೆ ಮೊದಲು ಒಂದು ಮಾತು ನಿಮ್ಮೊಳಗೆ ತೀರ್ಮಾನ ಮಾಡಿಕೊಳ್ಳಿ: ಯಾವುದನ್ನು ಬಿಡೋದು, ಯಾವುದನ್ನು ಸುತರಾಂ ಬಿಡದೇ ಇರೋದು. ಅದು ಗೊತ್ತಿಲ್ಲದೆ ಚೌಕಾಸಿಗೆ ಕೂರಬೇಡಿ. ನಿಮಗೆ ಕೆಲಸ ಬರುತ್ತೆ ಅಂತ ಬಾಯಲ್ಲಿ ಹೇಳಬೇಡಿ, ಸಣ್ಣದೊಂದು ಮಾಡಿ ತೋರಿಸಿ, ಹೋದರೂ ಮನೆ ಮುಳುಗದಷ್ಟು ಖರ್ಚಿನಲ್ಲಿ. ಹಕ್ಕುಗಳನ್ನು ಭಾಷೆ ಭಾಷೆಗೆ ಬೇರೆ ಬೇರೆ ಬರೆಸಿ, ಎಷ್ಟು ವರ್ಷಕ್ಕೆ ಅನ್ನೋದನ್ನೂ ಹಾಕಿಸಿ. ಮತ್ತೆ, ಸಹಿ ಹಾಕೋಕೆ ಹೋಗುವ ದಿನ ಹೊಟ್ಟೆ ತುಂಬ ಊಟ ಮಾಡಿಕೊಂಡು ಹೋಗಿ. ಹಸಿದಿದ್ದಾಗ ಎಲ್ಲ ಷರತ್ತೂ ಸರಿಯಾಗಿಯೇ ಕಾಣುತ್ತೆ.