ಗೂಬೆ ಮುಖವಾಡ ಮತ್ತು ಗಾದಿಯ ಗಂಟು

ಡಿಸೆಂಬರ್ ಹನ್ನೊಂದು, ಶನಿವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ. ನನ್ನ ದಿನಚರಿಯಲ್ಲಿ ಹಾಗೆ ಬರೆದಿದೆ. ಅದಕ್ಕೂ ಮೊದಲು ಯಾರಾದರೂ ಇಂಥ ಅನುಭವ ಹೇಳಿದರೆ, ಎಲ್ಲೋ ಎಣಿಸುವಾಗ ತಪ್ಪಿರಬೇಕು ಎಂದು ನಗುತ್ತಿದ್ದೆ.

ತಂಗಿ ಸಹನಾ ಆಗ ಪಿಯುಸಿ ಎರಡನೇ ವರ್ಷ. ಅವಳ ಗೆಳತಿಯರಿಗಾಗಿ ಬೈರಿದೇವರಕೊಪ್ಪದ ನಮ್ಮ ಮನೆಯ ಮಾಳಿಗೆಯ ಮೇಲೆ ಮಾಯಾಲೋಕದ ಪಾರ್ಟಿ ಮಾಡುವುದೆಂದು ಠರಾಯಿಸಿದೆವು. ಯೋಜನೆಯೆಲ್ಲ ನನ್ನದು. ಹದಿಮೂರು ಮಂದಿ, ಹದಿಮೂರು ಮುಖವಾಡ; ಆಟ ಆಡಿಸುವ ನನ್ನದು ಬೇರೆ. ಎರಡು ವಾರ ದಿನವೂ ಬಂದು ರಟ್ಟು ಕತ್ತರಿಸಿಕೊಟ್ಟವಳು ಶಬಾನಾ, ಸಹನಾಳ ಚಿಕ್ಕಂದಿನ ಗೆಳತಿ. ಅವಳ ಅಪ್ಪ ದುರ್ಗದಬೈಲ್ ಹತ್ತಿರ ಗಾದಿ ಹೊಲಿಯುತ್ತಿದ್ದರು. ಗಾದಿಯೊಳಗಿನ ಹತ್ತಿ ಸರಿಯದಂತೆ ಹಾಕುವ ಗಂಟು ಅವಳಿಗೂ ಬರುತ್ತಿತ್ತು; ಎಳೆದಷ್ಟೂ ಬಿಗಿಯಾಗುವಂಥದ್ದು. ನಮಗೂ ಕಲಿಸಲು ನೋಡಿದಳು, ಬರಲಿಲ್ಲ. ತನಗೆಂದು ಅವಳು ಗೂಬೆಯ ಮುಖವಾಡ ಮಾಡಿಕೊಂಡಳು.

“ಗೂಬಿ ಯಾಕಲೇ? ನಮ್ಮ ಮನಿಗೆ ಶನಿ ವಕ್ಕರಸಬೇಕೇನು?” ಎಂದು ಸಹನಾ ಕಾಡಿದಳು.

“ನೀ ಇರೂತನಾ ಬ್ಯಾರೆ ಶನಿ ಯಾಕ ಬರತೈತಿ ಬಿಡ,” ಎಂದಳು ಶಬಾನಾ.

ಆಟಕ್ಕೆ ಜೋಡಿಗಳು ಬೇಕಿದ್ದವು. ಹದಿಮೂರು ಜೋಡಿಯಾಗದು. ಗುರುವಾರ ಪಟ್ಟಿಯಿಂದ ಒಂದು ಹೆಸರು ಹೊಡೆದೆ. ಶಬಾನಾ ಬೇರೆ ಕಾಲೇಜಿನವಳು, ಜಗಳ ತೆಗೆಯುವವಳೂ ಅಲ್ಲ. ಅವಳು ಊರಿಗೆ ಹೋಗುತ್ತಾಳಂತೆ ಎಂದು ಸಹನಾಗೆ ಹೇಳಿದೆ. ಪಾರ್ಟಿಯೇ ರದ್ದಾಯಿತೆಂದು ಶಬಾನಾಗೆ ಹೇಳಿದೆ.

“ಇರ್ಲಿ ಬಿಡ್ರಿ ಅಕ್ಕಾ. ನನ್ನ ಗೂಬಿ ಅಷ್ಟ ತಗದಿಡ್ರಿ,” ಎಂದಳು.

ಶನಿವಾರ ಹನ್ನೆರಡೂ ಮುಖವಾಡಗಳು ನನ್ನೆದುರು ಆರು ಜೋಡಿಯಾಗಿ ನಿಂತಿದ್ದವು. ನಾನು ಆಗಷ್ಟೇ ಎಣಿಸಿ ಮುಗಿಸಿದ್ದೆ. ಅಷ್ಟರಲ್ಲಿ ನನ್ನ ಮುಖವಾಡದ ದಾರ ಸಡಿಲಾಗಿ ಜಾರಿತು. ಹಿಂದಿನಿಂದ ಯಾರೋ ಹಿಡಿದು ಕಟ್ಟಿದರು.

“ಅಲುಗಾಡಬ್ಯಾಡ್ರಿ ಅಕ್ಕಾ.”

ತಿರುಗಿದೆ. ಹಿಂದೆ ನೀರಿನ ಟಾಕಿ ಮಾತ್ರ ಇತ್ತು.

ಪಾರ್ಟಿ ಮುಗಿದ ಮೇಲೆ ಆ ಗಂಟು ಬಿಚ್ಚಲಾಗದೆ ಸಹನಾ ಕತ್ತರಿಯಿಂದ ದಾರ ಕತ್ತರಿಸಿದಳು. “ಇದು ಶಬಾನಾನ ಗಂಟು. ನಿನಗ ಯಾವಾಗ ಬಂತು ಅಕ್ಕಾ?” ಎಂದಳು. ಗೂಬೆ ಮುಖವಾಡ ಕಪಾಟಿನಲ್ಲಿ ಇಟ್ಟಲ್ಲೇ ಇತ್ತು.

ಮರುದಿನ ಶಬಾನಾಳ ಮನೆಗೆ ಹೋದೆ. “ಆಕಿ ನಿನ್ನೆ ಮುಂಜಾನೆನ ಅವರಪ್ಪನ ಜೋಡಿ ಗದಗಿಗೆ ಹೋದಳವಾ,” ಎಂದರು ಅವಳ ತಾಯಿ. ನಾನು ಹೇಳಿದ ಸುಳ್ಳು ಖರೇ ಆಗಿತ್ತು.

ಸೋಮವಾರ ಶಬಾನಾ ಬಂದಳು. ಕೇಳಬೇಕಿತ್ತು. ಕೇಳಿದರೆ ಪಾರ್ಟಿ ನಡೆದದ್ದನ್ನು ಒಪ್ಪಬೇಕಾಗುತ್ತಿತ್ತು. ದಾರದ ತುಂಡನ್ನು ದಿನಚರಿಯಲ್ಲಿ ಮುಚ್ಚಿಟ್ಟು ಚಹಾ ಮಾಡಿಕೊಟ್ಟೆ. ಮಾರ್ಚ್‌ನಲ್ಲಿ ಅವಳ ಮನೆಯವರೆಲ್ಲ ಊರು ಬಿಟ್ಟರು. ಸೊಲ್ಲಾಪುರ ಎನ್ನುವವರಿದ್ದಾರೆ, ಮೀರಜ್ ಎನ್ನುವವರಿದ್ದಾರೆ. ಫೋನ್ ಹತ್ತುವುದಿಲ್ಲ.

ಅಂದು ನನ್ನ ಬೆನ್ನ ಹಿಂದೆ ಯಾರಿದ್ದರೋ ನನಗೆ ಇಂದಿಗೂ ತಿಳಿಯದು. ಆ ಕುಟುಂಬದ ಸುಳಿವು ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ. ಉಳಿದದ್ದು ಗೊತ್ತಾಗದಿದ್ದರೂ ಇರಲಿ. ಅವಳ ಗೂಬೆಯನ್ನು ಇನ್ನೂ ತೆಗೆದಿಟ್ಟಿದ್ದೇನೆ ಎಂದು ಅವಳಿಗೆ ತಿಳಿಸಬೇಕು.