ಆರ್.ಕೆ.ಪುರಂನಲ್ಲಿ ಕೈಬಲ ಅಳೆದದ್ದು

ಅಥವಾ ಅದು ಡಿಸೆಂಬರ್ ಅಲ್ಲ, ಜನವರಿಯೇ ಇರಬೇಕು. ಮಂಜನ್ನು ನಾನು ಆಮೇಲೆ ನೆನಪಿಗೆ ಸೇರಿಸಿಕೊಂಡಿರಲೂಬಹುದು. ನಂಬಬಹುದಾದದ್ದು ಇಷ್ಟು: ದೆಹಲಿಗೆ ಬಂದು ನಾನು ಮೊದಲು ಸರಾಗವಾಗಿ ಆಡಿದ ಹಿಂದಿ ಮಾತು "ಔರ್ ಜೋರ್ ಸೇ ದಬಾಯಿಯೇ". ಇನ್ನೂ ಜೋರಾಗಿ ಹಿಸುಕಿ. ಸಂಶೋಧನೆಯೊಂದಕ್ಕಾಗಿ ಮನೆಮನೆಗೆ ಹೋಗಿ, ಗುರುತಿಲ್ಲದ ವೃದ್ಧರ ಕೈಗೆ ಹಿಡಿತದ ಬಲ ಅಳೆಯುವ ಉಪಕರಣ ಕೊಟ್ಟು ಹಾಗೆನ್ನುವುದೇ ನನ್ನ ಕೆಲಸ. ನಿವೃತ್ತ ಸುಬೇದಾರರೊಬ್ಬರು ಉಪಕರಣ ಬಿಟ್ಟು ನನ್ನ ಕೈಯನ್ನೇ ಹಿಸುಕಿ, ಈಗ ಬರೆದುಕೋ ಬೇಟಿ ಎಂದಿದ್ದರು.

ವಯಸ್ಸಾದಂತೆ ಸ್ನಾಯು ಸವೆಯುತ್ತದೆ. ಬಿದ್ದು ಸೊಂಟ ಮುರಿಯುವ ಮೊದಲೇ ಆ ಸವೆತದ ಸುಳಿವನ್ನು ರಕ್ತದಲ್ಲಿ ಹುಡುಕುವ ಉತ್ಸಾಹ ಆಗ ಎಲ್ಲ ಕಡೆ. ಕೈ ಸುಳ್ಳು ಹೇಳೀತು, ರಕ್ತ ಹೇಳದು ಎಂದು ನಮ್ಮ ಪ್ರೊಫೆಸರ್ ನಂಬಿದ್ದರು. ನನಗೆ ಎರಡರ ಮೇಲೂ ಗುಮಾನಿ.

ನಮ್ಮ ದಾವಣಗೆರೆಯಲ್ಲಿ ಬಂದವರಿಗೆ ನೀರು ಕೊಟ್ಟು ಆಮೇಲೆ ಕಾರಣ ಕೇಳುತ್ತಾರೆ. ಇಲ್ಲಿ ಜಾಲರಿ ಬಾಗಿಲ ಆಚೆಯಿಂದಲೇ ಯಾವ ಕಂಪನಿ, ಏನು ಮಾರುತ್ತೀ ಎನ್ನುತ್ತಿದ್ದರು. ನಾನೂ ಕಲಿತೆ. ಮುನಿರ್ಕಾದ ನನ್ನ ಬರ್ಸಾತಿಗೆ, ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆಗೆ, ಹಾಲಿನ ಭಯ್ಯಾ ಬಂದರೂ ಚಿಲಕ ತೆಗೆಯದೆ ಮಾತಾಡುತ್ತಿದ್ದೆ.

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಒಂದರ ಬಾಗಿಲು ಮಾತ್ರ ತಟ್ಟನೆ ತೆರೆಯಿತು, ನನ್ನ ಹಿಂದಿಯೊಳಗೆ ಕನ್ನಡ ಕೇಳಿಸಿದ್ದರಿಂದ. ಹುಬ್ಬಳ್ಳಿಯ ಗಂಗವ್ವ, ಗುಮಾಸ್ತರಾಗಿದ್ದ ಹಿರಿಯ ಮಗ ಬಸವರಾಜ್ ಜೊತೆಗಿದ್ದರು. ಊರಿಂದ ರೈಲಿನಲ್ಲಿ ಬಂದ ಹಿಟ್ಟಿನ ಜೋಳದ ರೊಟ್ಟಿ ಸಿಕ್ಕಿತು. ರೊಟ್ಟಿಯ ಹಿಂದೆಯೇ ಮನೆಯ ಜಗಳವೂ ಬಂತು. ಮಾನೇಸರ್‌ನ ಕಾರ್ಖಾನೆಯಲ್ಲಿದ್ದ ಕಿರಿಯ ಮಗ, ತಾಯಿಯಿಲ್ಲದ ಹರಿಯಾಣದ ಹುಡುಗಿಯನ್ನು ಮದುವೆಯಾಗಿದ್ದ. ಅವಳಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಗಂಗವ್ವ ಹೋಗಬೇಕು. ಕೈಯಲ್ಲಿ ಬಲವಿಲ್ಲ, ಎರೆಯುವಾಗ ಕೂಸು ಜಾರೀತು ಎಂದು ಅವರು. ಬಸವರಾಜ್ ನಂಬಿರಲಿಲ್ಲ.

"ಮೇಡಂ, ನಿಮ್ಮ ಮಷೀನೇ ಹೇಳ್ಲಿ. ಸೊಸಿ ಮ್ಯಾಲಿನ ಸಿಟ್ಟೋ, ಕೈಯಾಗಿನ ಸೋಲೋ, ಇವತ್ತ ಗೊತ್ತಾಗ್ಲಿ."

"ಮಷೀನ್ ಮಾತು ಕೇಳ್ತಿ, ಹಡದಾಕಿ ಮಾತು ಕೇಳಂಗಿಲ್ಲ ನೀ," ಎಂದರು ಗಂಗವ್ವ.

ಹಿಸುಕಿದರು. ಮುಳ್ಳು ಕೊಂಚವೇ ಏರಿತು. ಇನ್ನೂ ಜೋರಾಗಿ ಅಜ್ಜಿ, ಎಂದೆ. ಅಷ್ಟೇ. ಆದರೆ ಸ್ವಲ್ಪ ಮುಂಚೆ ಅಡುಗೆಮನೆಯಿಂದ ಅವರು ರೊಟ್ಟಿ ಬಡಿಯುವ ಸದ್ದು ಹೊರಗಿನವರೆಗೂ ಕೇಳಿತ್ತು. ಬಡಿಯುವುದು ಅಂಗೈ, ಹಿಡಿಯುವುದು ಬೆರಳು ಎಂದುಕೊಂಡೆ. ಆ ಸದ್ದು ಕೇಳಿದ್ದು ಅಂದೇನಾ, ಆಮೇಲೆ ಹೋದ ಬೇರೆ ಯಾವುದೋ ಭಾನುವಾರವಾ?

ಅಂದು ತೆಗೆದುಕೊಂಡ ರಕ್ತದ ವರದಿ ಆಮೇಲೆ ಬಂತು, ಉರಿಯೂತದ ಸೂಚಕ ಹೆಚ್ಚಿತ್ತು. ಸ್ನಾಯು ಸವೆದವರಲ್ಲಿ ಅದು ಹೆಚ್ಚುವುದುಂಟು. ಹಲ್ಲುನೋವಿಂದ ದವಡೆ ಬಾತವರಲ್ಲೂ ಹೆಚ್ಚುತ್ತದೆ. ಆ ವಾರ ಗಂಗವ್ವನ ದವಡೆ ಬಾತಿತ್ತು. ನೂರಾರು ಜನರ ಬಗ್ಗೆ ಏನಾದರೂ ಹೇಳಬಲ್ಲ ಪರೀಕ್ಷೆ ಒಬ್ಬರ ಬಗ್ಗೆ ಬಾಯಿ ಬಿಡುವುದಿಲ್ಲ. ಬಸವರಾಜ್‌ಗೆ ಇದ್ದದ್ದನ್ನೇ ಹೇಳಿದೆ: ಬಲ ಕಡಿಮೆ ತೋರಿಸಿದೆ, ಪೂರ್ತಿ ಹಿಸುಕಿದರೋ ಇಲ್ಲವೋ ತಿಳಿಯದು.

"ಅಚ್ಛಾ. ನೀವೂ ಅವ್ವನ ಕಡೆ ಆದ್ರಿ."

ಒಳಗೆ ರೊಟ್ಟಿ ಕಟ್ಟಿಕೊಡುತ್ತ ಗಂಗವ್ವ ತಗ್ಗಿದ ದನಿಯಲ್ಲಿ ಅಂದರು: "ನೀ ಅವನ ಕಡೆನ ಇದ್ದಿ, ತಂಗಿ. ಗೊತ್ತದ ನನಗ."

ಆ ಮನೆಯ ಹೊರಗೆ, ದೆಹಲಿಯವರ ಬಾಯಲ್ಲಿ, ದಕ್ಷಿಣದ ಎಲ್ಲರಂತೆ ನಾನೂ ಮದ್ರಾಸಿ. ಒಳಗೆ, ನನ್ನದೇ ಭಾಷೆಯಲ್ಲಿ, ಇಬ್ಬರಿಗೂ ಎದುರು ಪಕ್ಷದವಳು. ಆದರೂ ಭಾನುವಾರ ತಪ್ಪದೆ ಹೋಗುತ್ತಿದ್ದೆ.

ಗಂಗವ್ವ ಬಾಣಂತನಕ್ಕೆ ಹೋಗಲಿಲ್ಲ. ಮಾನೇಸರ್‌ನಲ್ಲಿ ಕೂಸಿಗೆ ಎರೆಯಲು ಪಕ್ಕದ ಮನೆಯ ಹೆಂಗಸನ್ನು ಗೊತ್ತುಮಾಡಿದರು. ಹೆಸರಿಡುವ ದಿನ ಎಲ್ಲರೂ ಹೋಗಿ ಬಂದರು. ಅವ್ವ ದಿನವಿಡೀ ಕೂಸನ್ನು ಎತ್ತಿಕೊಂಡೇ ಓಡಾಡಿದರು ಎಂದು ಬಸವರಾಜ್ ಹೇಳಿದರು. ಯಾರೋ ತೊಡೆಯ ಮೇಲೆ ಮಲಗಿಸಿದ್ದರು, ಅಷ್ಟೇ ಎಂದು ಗಂಗವ್ವ ಹೇಳಿದರು. ನಾನು ಅಲ್ಲಿರಲಿಲ್ಲ. ಅವರಿಗೆ ಆಗುತ್ತಿರಲಿಲ್ಲವೋ, ಮನಸ್ಸಿರಲಿಲ್ಲವೋ, ನನಗೆ ಗೊತ್ತಿಲ್ಲ.